ಕೃಪೆಗೆ ನಮ್ಮ ‘ಆಗಲಿ’

ವಿಶ್ವಾಸ ದೇವರ ವರವಾದರೆ ಅದರಲ್ಲಿ ನಮ್ಮ ಇಚ್ಛೆಗೆ ಸ್ಥಾನವಿದೆಯೇ? ಮಾರ್ಚ್ 25ರ ಮಂಗಳವಾರ್ತೆಯ ಹಬ್ಬ ಇದಕ್ಕೆ ಉತ್ತರ ಕೊಡುತ್ತದೆ.

ದೇವದೂತ ಗಬ್ರಿಯೇಲನು ಮೊದಲು ಸಾರಿದ್ದು ದೇವರ ಕೃಪೆಯನ್ನು. ಮಾತೆ ಮರಿಯಮ್ಮನವರು ‘ಆಗಲಿ’ ಎಂದದ್ದು ಆಮೇಲೆ. ವಿಶ್ವಾಸದ ಆರಂಭವೂ ಕೃಪೆಯಿಂದಲೇ ಎಂದು 529ರಲ್ಲಿ ಫ್ರಾನ್ಸಿನ ಒರಾಂಜ್ ನಗರದಲ್ಲಿ ಸೇರಿದ ಸಭೆ ಬೋಧಿಸಿತು. ಕೃಪೆಯಿಂದ ಪ್ರೇರಿತವಾದ ಇಚ್ಛೆ ಅದರೊಡನೆ ಸಹಕರಿಸುತ್ತದೆ, ಅದನ್ನು ನಿರಾಕರಿಸಲೂ ಬಲ್ಲದು ಎಂದು 1547ರಲ್ಲಿ ಟ್ರೆಂಟ್ ಮಹಾಸಭೆ ಸ್ಪಷ್ಟಪಡಿಸಿತು. ನಮ್ಮ ಒಪ್ಪಿಗೆ ಬೇಡುವವನು ಚಾಚಿದ ಕೈಯಂತೆ. ಚಾಚುವ ಬಲವೂ ದೇವರದೇ. ಆದರೆ ಚಾಚಬೇಕಾದವರು ನಾವು.

ಮಗ ಪೂಜೆಗೆ ಬರುವುದನ್ನೇ ಬಿಟ್ಟನೆಂದು ಕಣ್ಣೀರಿಡುವ ತಾಯಂದಿರೇ, ದೇವರು ಯಾರನ್ನೂ ಬಲವಂತ ಮಾಡುವುದಿಲ್ಲ. ಕರೆಯುವುದನ್ನು ನಿಲ್ಲಿಸುವುದೂ ಇಲ್ಲ. ನೀವೂ ಗದರಿಸದೆ, ಬೇಸರಪಡದೆ ಅವನಿಗಾಗಿ ಪ್ರಾರ್ಥಿಸಿರಿ.