ಚಂಚಲ ಚಿತ್ತಕ್ಕೆ ತಾನೇ ಹುಡುಕಿಕೊಂಡ ಮದ್ದು

ಪರೀಕ್ಷೆಗಳು ಸಮೀಪಿಸಿದಂತೆ ಪ್ರಸಾದನಿಲಯಗಳ ಕೋಣೆಗಳಲ್ಲಿ ದೀಪಗಳು ತಡರಾತ್ರಿಯವರೆಗೆ ಉರಿಯುತ್ತವೆ. ಹೊರಗಿನ ಚಹಾದಂಗಡಿಗೂ ವ್ಯಾಪಾರ ಹೆಚ್ಚು. ಚಹಾ ಕುಡಿದು ಓದುವವರಲ್ಲಿ ಬಹುಮಂದಿ ನಿದ್ರೆಯನ್ನು ಮುಂದೂಡಲೆಂದು ಕುಡಿಯುತ್ತಾರೆ. ಕೆಲವರ ಸಂಗತಿ ಮಾತ್ರ ಬೇರೆ. ನಾಲ್ಕಾರು ಲೋಟ ಒಳಗೆ ಹೋಗುವವರೆಗೆ ಅವರ ಕಣ್ಣು ಅಕ್ಷರಗಳ ಮೇಲೆ ಹರಿಯುತ್ತದೆ, ಮನಸ್ಸು ಇನ್ನೆಲ್ಲೋ ಇರುತ್ತದೆ. ಇಂಥವರು ಚಹಾದಿಂದ ಸಿಗರೇಟಿಗೆ, ಸಿಗರೇಟಿನಿಂದ ಗುಟ್ಕಾಕ್ಕೆ, ಅಲ್ಲಿಂದ ಗೆಳೆಯನೊಬ್ಬನು ಕೊಟ್ಟ ಮಾತ್ರೆಗೆ ಸಾಗುವುದುಂಟು. ಹಿರಿಯರು ಇದನ್ನು ಚಟವೆಂದು ಗದರಿಸುತ್ತಾರೆ. ಈ ಸಲ ನಾವು ಆ ಚಟದ ಹಿಂದೆ ಅಡಗಿರಬಹುದಾದ ತೊಂದರೆಯೊಂದನ್ನು ನೋಡೋಣ.

ವೈದ್ಯರು ಅದನ್ನು ಎಡಿಎಚ್‌ಡಿ ಎನ್ನುತ್ತಾರೆ. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ತೊಂದರೆ; ಸೋಮಾರಿತನವೂ ಅಲ್ಲ, ಸಂಸ್ಕಾರದ ಕೊರತೆಯೂ ಅಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು. ಮನೆ, ಶಾಲೆ, ಕೆಲಸ ಎಂಬ ಒಂದಕ್ಕಿಂತ ಹೆಚ್ಚು ನೆಲೆಗಳಲ್ಲಿ ಬಾಧಿಸಿರಬೇಕು. ಬೆಳೆದಂತೆ ಓಡಾಟದ ಚಡಪಡಿಕೆ ಇಳಿದರೂ ಮರೆವು, ಆರಂಭಿಸಿದ್ದನ್ನು ಮುಗಿಸಲಾಗದಿರುವುದು, ಹಿಂದುಮುಂದು ನೋಡದೆ ಮಾತನಾಡಿಬಿಡುವುದು ಅನೇಕರಲ್ಲಿ ಉಳಿದುಬಿಡುತ್ತವೆ. ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವ ಹೆಣ್ಣುಮಕ್ಕಳಂತೂ ಯಾರ ಗಮನಕ್ಕೂ ಬರುವುದಿಲ್ಲ.

ಅಮೆರಿಕದ ಮನೋವೈದ್ಯ ಎಡ್ವರ್ಡ್ ಖಾಂಟ್ಸಿಯನ್ 1985ರಲ್ಲಿ ಒಂದು ವಿಚಾರವನ್ನು ಮುಂದಿಟ್ಟರು: ಮಾದಕ ವಸ್ತುಗಳ ಮೊರೆಹೋಗುವವರಲ್ಲಿ ಅನೇಕರು ಸುಖಕ್ಕಿಂತ ಹೆಚ್ಚಾಗಿ ಒಳಗಿನ ಸಂಕಟದ ಶಮನವನ್ನು ಅರಸುತ್ತಾರೆ, ತಮ್ಮ ಸಂಕಟಕ್ಕೆ ಒಗ್ಗುವ ವಸ್ತುವನ್ನೇ ಆರಿಸಿಕೊಳ್ಳುತ್ತಾರೆ. ಎಲ್ಲ ವ್ಯಸನವನ್ನೂ ಇದರಿಂದ ವಿವರಿಸಲಾಗದು. ಮುಂದಾಲೋಚನೆಯಿಲ್ಲದ ಸ್ವಭಾವವೇ ಕೆಲವರನ್ನು ಬೇಗ ವ್ಯಸನಕ್ಕೆ ದೂಡುತ್ತದೆ. ಆದರೂ ಎಡಿಎಚ್‌ಡಿಯ ವಿಷಯದಲ್ಲಿ ಈ ಮಾತಿಗೆ ತೂಕವಿದೆ. ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಮಿದುಳಿನಲ್ಲಿ ಗಮನವನ್ನು ಒಂದೆಡೆ ನಿಲ್ಲಿಸಲು ನೆರವಾಗುತ್ತವೆ. ವೈದ್ಯರು ಕೊಡುವ ಮೀಥೈಲ್‌ಫೆನಿಡೇಟ್ ಇವೆರಡರ ಲಭ್ಯತೆಯನ್ನೇ ಹೆಚ್ಚಿಸುತ್ತದೆ. ನಿಕೋಟಿನ್ ಕೂಡ ಡೋಪಮಿನ್ ಬಿಡುಗಡೆಗೆ ಕಾರಣವಾಗುತ್ತದೆ. ಆದ್ದರಿಂದ ‘ಗುಟ್ಕಾ ಹಾಕಿದರೆ ತಲೆ ಓಡುತ್ತದೆ’ ಎನ್ನುವ ಹುಡುಗ ಸುಳ್ಳು ಹೇಳುತ್ತಿಲ್ಲ.

ಆದರೆ ಆ ಲಾಭಕ್ಕೆ ತೆರುವ ಬೆಲೆ ಭಾರಿ. ನಿಕೋಟಿನ್ನಿನ ಪರಿಣಾಮ ಬೇಗನೆ ಇಳಿಯುತ್ತದೆ, ಇಳಿದಾಗ ಚಡಪಡಿಕೆ ಮೊದಲಿಗಿಂತ ಹೆಚ್ಚು; ಹೀಗೆ ಮದ್ದೇ ರೋಗದ ವೇಷ ತೊಡುತ್ತದೆ. ನಮ್ಮ ರಾಜ್ಯದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾಯಿತು. ಅಂಗಡಿಯಲ್ಲಿ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ದೊರೆಯುವುದನ್ನು, ಬಾಯಿ ಪೂರ್ತಿ ತೆರೆಯಲಾಗದ ತರುಣರನ್ನು ನಾವೆಲ್ಲ ಕಂಡಿದ್ದೇವೆ. ಕಾಫಿ, ಚಹಾಗಳು ಇದರ ಮುಂದೆ ಸೌಮ್ಯ. ಆದರೂ ಕೆಫೀನಿನ ಅರ್ಧಭಾಗ ದೇಹದಿಂದ ಹೊರಹೋಗಲು ಸುಮಾರು 5 ಗಂಟೆ ಬೇಕು. ಸಂಜೆ ಕುಡಿದದ್ದು ರಾತ್ರಿಯ ನಿದ್ರೆಯನ್ನು ಕದಿಯುತ್ತದೆ, ನಿದ್ರೆಗೆಟ್ಟವನ ಗಮನ ಮರುದಿನ ಇನ್ನಷ್ಟು ಚದುರುತ್ತದೆ. ಮನಸ್ಸಿನ ಓಟ ನಿಲ್ಲಿಸಲೆಂದು ಮದ್ಯ ಕುಡಿಯುವವರ ಗತಿಯೂ ಇಷ್ಟೇ. ನಿದ್ರಾರೋಗಕ್ಕೆಂದು ಇರುವ ಮೊಡಾಫಿನಿಲ್ ಮಾತ್ರೆಯನ್ನು ಚೀಟಿಯಿಲ್ಲದೆ ತಂದು ನುಂಗುವವರೂ ಇದ್ದಾರೆ. ಗೆಳೆಯನಿಗೆ ಹೊಂದಿದ ಮಾತ್ರೆ ತನಗೂ ಹೊಂದೀತೆಂದು ನಂಬುವುದು ಅಪಾಯ. ಉತ್ತೇಜಕ ಔಷಧಗಳು ರಕ್ತದೊತ್ತಡ, ಹೃದಯ ಬಡಿತಗಳನ್ನು ಏರಿಸುತ್ತವೆ. ಉನ್ಮಾದ ಖಿನ್ನತೆಯ ಕಾಯಿಲೆ ಇರುವವರಲ್ಲಿ ಉನ್ಮಾದವನ್ನು ಕೆರಳಿಸಬಲ್ಲವು. ಒಂದೆಲಗದ ಚಟ್ನಿಯನ್ನು ಸಂತೋಷವಾಗಿ ತಿನ್ನಿರಿ, ನಮ್ಮ ಅಭ್ಯಂತರವಿಲ್ಲ. ಆದರೆ ಒಳಗೇನಿದೆಯೆಂದು ಬರೆದಿರದ ‘ನೆನಪಿನ ಶಕ್ತಿ’ಯ ಪುಡಿಗಳನ್ನು ನಂಬಬೇಡಿರಿ.

ಹಾಗಾದರೆ ಇವರು ನೇರವಾಗಿ ವೈದ್ಯರ ಬಳಿ ಏಕೆ ಹೋಗುವುದಿಲ್ಲ? ಹೋಗುವ ದಾರಿ ಸುಲಭವಾಗಿಲ್ಲ. ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲ. ಸರಾಸರಿ ಲೆಕ್ಕ 0.75. ಅವರಲ್ಲಿ ಹೆಚ್ಚಿನವರು ನಗರಗಳಲ್ಲಿದ್ದಾರೆ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ತೊಂದರೆಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇ. 70ರಿಂದ 92. ಹಳ್ಳಿಯ ಕೂಲಿಕಾರನಿಗೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗಿಬರುವುದೆಂದರೆ ಎರಡು ದಿನದ ದುಡಿಮೆ, ಬಸ್ಸಿನ ಖರ್ಚು, ಜೊತೆಗೆ ಬರುವವರ ದುಡಿಮೆಯೂ ಹೋಯಿತು.

ಹೋಗಿಬಂದರೂ ತೊಡಕು ಮುಗಿಯುವುದಿಲ್ಲ. ಮೀಥೈಲ್‌ಫೆನಿಡೇಟ್ ನಮ್ಮ ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಗೆ ಸೇರಿದೆ, ಮಾದಕ ವಸ್ತುಗಳ ಕಾನೂನಿಗೂ ಒಳಪಟ್ಟಿದೆ. ಮಾರಲು ಅಂಗಡಿಗೆ ಪ್ರತ್ಯೇಕ ಪರವಾನಗಿ ಬೇಕು; ವೈದ್ಯರ ಚೀಟಿ ಎರಡು ಪ್ರತಿಗಳಲ್ಲಿರಬೇಕು; ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಇಷ್ಟೆಲ್ಲ ಜವಾಬ್ದಾರಿ ಬೇಡವೆಂದು ಸಣ್ಣ ಊರುಗಳ ಔಷಧದಂಗಡಿಗಳು ಅದನ್ನು ತರಿಸುವುದೇ ಇಲ್ಲ. 2020ರ ದೂರವೈದ್ಯಕೀಯ ಮಾರ್ಗಸೂಚಿಯ ಪ್ರಕಾರ ಇಂಥ ಔಷಧವನ್ನು ಫೋನಿನಲ್ಲಿಯಾಗಲಿ, ವಿಡಿಯೊದಲ್ಲಿಯಾಗಲಿ ಬರೆದುಕೊಡುವಂತಿಲ್ಲ. ದುರುಪಯೋಗ ತಡೆಯಲು ಇಂಥ ಕಟ್ಟುನಿಟ್ಟು ಬೇಕೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಬಾಯಿಯ ಕ್ಯಾನ್ಸರ್ ತರುವ ತಂಬಾಕು ಬಸ್‌ಸ್ಟ್ಯಾಂಡಿನಲ್ಲಿಯೇ ದೊರೆತು, ವೈದ್ಯರ ನಿಗಾದಲ್ಲಿ ಕೊಡುವ ಮಾತ್ರೆಗೆ ನೂರು ಮೈಲಿ ಪ್ರಯಾಣ ಮಾಡಬೇಕಾಗಿರುವುದು ವಿಚಿತ್ರ ವ್ಯವಸ್ಥೆ. ಅಂಗಡಿಯ ಮಾಲೀಕರು, ಜಿಲ್ಲಾ ಆರೋಗ್ಯಾಧಿಕಾರಿಗಳು ಇದನ್ನು ಯೋಚಿಸಲೆಂದು ನಾವು ಬಯಸುತ್ತೇವೆ.

ಹತ್ತಿರದಲ್ಲಿಯೇ ಕೆಲವು ಬಾಗಿಲುಗಳು ತೆರೆದಿವೆ. ಹಗಲು ರಾತ್ರಿಯೆನ್ನದೆ ಕನ್ನಡದಲ್ಲಿ ಮಾತನಾಡಬಹುದಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416, ಕರೆಗೆ ಹಣವಿಲ್ಲ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗಿರಿ. ಉತ್ತೇಜಕ ಗುಂಪಿಗೆ ಸೇರದ ಆಟೊಮಾಕ್ಸೆಟಿನ್ ಎಂಬ ಔಷಧವೂ ಇದೆ. ಅದು ‘ಎಕ್ಸ್’ ಅನುಸೂಚಿಯಲ್ಲಿಲ್ಲ, ಆದರೆ ವೈದ್ಯರ ಚೀಟಿ ಬೇಕೇ ಬೇಕು. ಗುಣ ಕಾಣಲು ಕೆಲವು ವಾರ ತಾಳಬೇಕು, ಆರಂಭದಲ್ಲಿ ತರುಣರ ಮನಃಸ್ಥಿತಿಯ ಮೇಲೆ ಮನೆಯವರು ಕಣ್ಣಿಡಬೇಕು. ಥೈರಾಯ್ಡ್ ದೋಷ, ರಕ್ತಹೀನತೆ, ಖಿನ್ನತೆ, ನಿದ್ರೆಯ ಕೊರತೆಗಳೂ ಗಮನವನ್ನು ಚದುರಿಸುತ್ತವೆ; ತಾನೇ ರೋಗವನ್ನು ತೀರ್ಮಾನಿಸಿಕೊಂಡವನಿಗೆ ಇವು ತಪ್ಪಿಹೋಗುತ್ತವೆ.

ಸರದಿ ಬರುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಸರಳ. ನಿಗದಿತ ಹೊತ್ತಿನ ನಿದ್ರೆ, ದಿನವೂ ಬೆವರುವಷ್ಟು ನಡಿಗೆ, ಓದನ್ನು ಇಪ್ಪತ್ತು ನಿಮಿಷಗಳ ತುಂಡುಗಳಾಗಿಸಿ ನಡುವೆ ಬಿಡುವು. ಪಕ್ಕದಲ್ಲಿ ಇನ್ನೊಬ್ಬರು ತಮ್ಮ ಕೆಲಸ ಮಾಡುತ್ತ ಸುಮ್ಮನೆ ಕುಳಿತಿದ್ದರೂ ಅನೇಕರಿಗೆ ಕೆಲಸ ಸಾಗುತ್ತದೆ.

ವೈದ್ಯರ ಬಳಿ ಹೋಗುವಾಗ ಒಂದು ಹಾಳೆಯಲ್ಲಿ ಏನನ್ನು, ಎಷ್ಟು, ಯಾವ ಹೊತ್ತಿಗೆ ಸೇವಿಸುತ್ತಿದ್ದೀರಿ, ಅದರಿಂದ ಏನಾಗುತ್ತದೆ ಎಂಬುದನ್ನು ಬರೆದುಕೊಳ್ಳಿರಿ. ತಂಬಾಕು, ಮದ್ಯ, ಗೆಳೆಯನ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿರಿ. ಔಷಧದ ಆಯ್ಕೆ, ಪ್ರಮಾಣಗಳು ಅದರ ಮೇಲೆ ನಿಂತಿರುತ್ತವೆ. ಹಳೆಯ ಶಾಲೆಯ ಅಂಕಪಟ್ಟಿಗಳು, ಮಾಸ್ತರರು ಬರೆದ ಟಿಪ್ಪಣಿಗಳಿದ್ದರೆ ಒಯ್ಯಿರಿ. ಸಾಧ್ಯವಿದ್ದರೆ ನಿಮ್ಮ ಬಾಲ್ಯವನ್ನು ಬಲ್ಲ ತಾಯಿಯನ್ನೋ, ಸೋದರಮಾವನನ್ನೋ ಜೊತೆಗೆ ಕರೆದೊಯ್ಯಿರಿ. ರಕ್ತಪರೀಕ್ಷೆಯಿಂದ ತಿಳಿಯದ ಈ ತೊಂದರೆಯನ್ನು ಗುರುತಿಸಲು ವೈದ್ಯರಿಗೆ ಅವರ ನೆನಪು ಬೇಕಾಗುತ್ತದೆ.