ಬೀಜದೊಡನೆ ಬರುವ ಓಲೆ

ಆಳಂದ, ಅಫಜಲಪುರ, ಜೇವರ್ಗಿಗಳ ಕರಿಯ ನೆಲದ ಒಕ್ಕಲಿಗನಿಗೆ ಬೀಜ ಹೆಚ್ಚೋ ಕ್ಷೇತ್ರ ಹೆಚ್ಚೋ ಎಂಬುದು ಬರಿಯ ತರ್ಕದ ಮಾತಲ್ಲ. ತೊಗರಿ ಮೊಳೆಯದಿದ್ದರೆ ಅವನು ನೆಲದ ಹದವನ್ನು ಶಂಕಿಸುವಂತೆ ಬೀಜವನ್ನೂ ಶಂಕಿಸುತ್ತಾನೆ. ಆದರೆ ಕೊಟ್ಟಿಗೆಯ ಆಕಳು ಗಬ್ಬ ನಿಲ್ಲದಿದ್ದರೆ ದೋಷವೆಲ್ಲ ಆಕಳಿನದೇ ಎನ್ನುವುದು ವಾಡಿಕೆ. ಮನುಷ್ಯರಲ್ಲಿಯೂ ಬಂಜೆಯೆಂಬ ಬಿರುನುಡಿ ಹೆಣ್ಣಿನ ಪಾಲಿಗೇ ಬಂದಿದೆ. ಈ ಏಕಪಕ್ಷದ ತೀರ್ಪನ್ನು ಮರಳಿ ವಿಚಾರಿಸಬೇಕಾದ ಕಾಲವಿದು.

ವೀರ್ಯಾಣುವೆಂದರೆ ತಂದೆಯ ಡಿ.ಎನ್‌.ಎ.ಯನ್ನು ಅಂಡಕ್ಕೆ ಮುಟ್ಟಿಸುವ ಓಲೆಕಾರ ಮಾತ್ರ ಎಂದು ಬಹುಕಾಲ ತಿಳಿಯಲಾಗಿತ್ತು. ಅದರಲ್ಲಿರುವ ಅಲ್ಪಸ್ವಲ್ಪ ಆರ್‌.ಎನ್‌.ಎ. ವೃಷಣದಲ್ಲಿ ಮುಗಿದ ಕೆಲಸದ ಉಳಿಕೆ, ಉಂಡೆದ್ದ ಎಲೆಯ ಅಗುಳು ಎನಿಸಿಕೊಂಡಿತ್ತು. ಮನುಷ್ಯನ ವೀರ್ಯಾಣು ಈ ಆರ್‌.ಎನ್‌.ಎ.ಯನ್ನೂ ಅಂಡದೊಳಕ್ಕೆ ಒಯ್ಯುತ್ತದೆಂದು 2004ರಲ್ಲಿ ಅಮೆರಿಕೆಯ ಕ್ರಾವೆಟ್ಜ್ ಮತ್ತು ಸಂಗಡಿಗರು ತೋರಿಸಿದರು.

ನಮ್ಮ ನಾಡಿನ ಕೆಲಸವೂ ಇದರಲ್ಲಿದೆ. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ಸೆಲ್ವರಾಜು ಮತ್ತು ಸಂಗಡಿಗರು ಮೂರು ಹೋರಿಗಳ ವೀರ್ಯಾಣುಗಳನ್ನು ಶೋಧಿಸಿ, 13,833 ವಂಶವಾಹಿಗಳ ಆರ್‌.ಎನ್‌.ಎ. ಅಲ್ಲಿರುವುದನ್ನು 2017ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಕೆಲವು ಮುರಿದ ತುಣುಕುಗಳು, ಕೆಲವು ಇಡಿಯವು. ಭ್ರೂಣದ ಬೆಳವಣಿಗೆಗೆ ಸಂಬಂಧಿಸಿದವೂ ಇದ್ದವು.

ಇದ್ದಮಾತ್ರಕ್ಕೆ ಕೆಲಸ ಮಾಡುತ್ತವೆಯೇ? ಇಲಿಗಳಲ್ಲಿ ಇದಕ್ಕೆ ಉತ್ತರದ ಸುಳಿವು ದೊರೆಯಿತು. ಸಣ್ಣ ಆರ್‌.ಎನ್‌.ಎ.ಗಳು ಕೊರೆಯಾದ ವೀರ್ಯಾಣುಗಳಿಂದ ಅಂಡ ಫಲಿಸಿದರೂ ಭ್ರೂಣಗಳ ಬೆಳವಣಿಗೆ ಕುಂಠಿತವಾಯಿತು. ಸಹಜ ವೀರ್ಯಾಣುವಿನ ಆರ್‌.ಎನ್‌.ಎ.ಯನ್ನು ಸೇರಿಸಿದಾಗ ಬಹಳಷ್ಟು ಚೇತರಿಸಿತು. ಇದು 2016ರ ಫಲಿತಾಂಶ.

ಹಾಗೆಂದು ತಾಯಿಯ ಪಾಲು ಕಿರಿದಾಗುವುದಿಲ್ಲ. ಆಕಳ ಭ್ರೂಣ ಎಂಟು ಕೋಶಗಳಾಗುವವರೆಗೆ ಮುಖ್ಯವಾಗಿ ಅಂಡದ ಬುತ್ತಿಯಿಂದಲೇ ಬದುಕುತ್ತದೆ. ಆ ಬುತ್ತಿಯೆದುರು ತಂದೆಯದು ಚಿಟಿಕೆ ಉಪ್ಪಿನಷ್ಟು. ಆದರೆ ಉಪ್ಪಿಲ್ಲದ ಅಡುಗೆಯ ಗತಿ ಎಲ್ಲರಿಗೂ ಗೊತ್ತು.

ಕೃತಕ ಗರ್ಭಧಾರಣೆಗಾಗಿ ಹಳ್ಳಿಗೆ ಬರುವ ಕಾಲು ಮಿಲಿಲೀಟರಿನ ಕಡ್ಡಿಯಲ್ಲಿ ಸುಮಾರು ಎರಡು ಕೋಟಿ ವೀರ್ಯಾಣುಗಳಿರುತ್ತವೆ. ಅವುಗಳ ಚಲನೆ ಸೂಕ್ಷ್ಮದರ್ಶಕಕ್ಕೆ ಕಾಣುತ್ತದೆ. ಒಳಗಿನ ಓಲೆ ಕಾಣದು. ಅದನ್ನು ಓದಿ ಹೋರಿಯನ್ನು ಆರಿಸುವ ಕಾಲ ಬಂದರೆ ರೈತನಿಗೆ ಒಂದು ಸೂಲಿನ ಹಾಲು ಉಳಿದೀತು. ಅಲ್ಲಿಯವರೆಗೆ, ಗಬ್ಬ ನಿಲ್ಲದ ಆಕಳನ್ನು ಸಂತೆಗೆ ಹೊಡೆಯುವ ಮುನ್ನ ಬೀಜದ ಕಡೆಗೂ ಒಮ್ಮೆ ನೋಡುವುದು ನ್ಯಾಯ.