ಕರುಣೆ ಬಂಧನವಾಗದಿರಲಿ
ಮಳೆನೀರಿನ ಚರಂಡಿಯಿಂದ ಮೇಲೆತ್ತಿದ ಬೀದಿಬೆಕ್ಕಿನ ಮರಿಯು ಮನುಷ್ಯನ ಕೈ ಕಂಡೊಡನೆ ಬೆದರಿ ಪರಚುತ್ತದೆ. ಅದನ್ನು ಸಾಕಬೇಕೆ, ಮರಳಿ ಬಿಡಬೇಕೆ?

ಆಚಾರ್ಯ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ದ 7ನೇ ಅಧ್ಯಾಯವು ಅಹಿಂಸಾಣುವ್ರತದ 5 ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿದ ಭಾರ ಹೊರಿಸುವುದು, ಅನ್ನಪಾನ ತಡೆಯುವುದು. ಸಾಕುವ ಆಸೆಯಿಂದ ಬೆದರಿದ ಜೀವವನ್ನು ಪಂಜರದಲ್ಲಿ ಕೂಡಿಟ್ಟರೆ ಮೊದಲನೆಯ ದೋಷ. ಬೇಟೆಯರಿಯದ ಎಳೆಯ ಮರಿಯನ್ನು ಬೀದಿಗೆ ಬಿಟ್ಟರೆ ಕೊನೆಯದಕ್ಕೆ ಸಮಾನ.

ಎರಡು ತಿಂಗಳೊಳಗಿನ ಮರಿ ತಾಳ್ಮೆಯ ಆರೈಕೆಗೆ ಒಗ್ಗಿಕೊಳ್ಳಬಲ್ಲದು. ಅದಕ್ಕೆ ಮನೆಯೇ ಆಶ್ರಯ. ಬೆಳೆದು ಮನುಷ್ಯರಿಗೆ ಒಗ್ಗದ ಬೆಕ್ಕು ತನ್ನ ಪರಿಚಿತ ನೆಲೆಯಲ್ಲೇ ಇರಲಿ, ಅನ್ನನೀರು ಅಲ್ಲಿಗೇ ತಲುಪಲಿ. ದುಃಖಿತ ಜೀವಿಗಳಲ್ಲಿ ಕಾರುಣ್ಯವಿರಬೇಕೆಂದು ಅದೇ ಅಧ್ಯಾಯ ಬೋಧಿಸುತ್ತದೆ. ಆ ಕಾರುಣ್ಯಕ್ಕೆ ಆಧಾರ ಸಾಕುವವರ ಮಮಕಾರವಲ್ಲ, ಜೀವದ ಹಿತ.